ಸ್ವಿಚ್ಚು ನಮ್ಮ ಗೋಡೆಯದು, ಚೀಟಿ ಯಾರದು?



ನೀವು ಬೆಂಗಳೂರಿನ ವಿಜಯನಗರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ಕೆಳಗೊಂದು ಸ್ವಿಚ್ ಒತ್ತುತ್ತೀರಿ. ದೀಪ ಹತ್ತುತ್ತದೆ. ಮೇಲೆ ಹೋಗಿ ಇನ್ನೊಂದು ಒತ್ತುತ್ತೀರಿ. ಆರುತ್ತದೆ. ಇದು ಹೇಗೆ ಅಂತ ಒಂದು ದಿನವಾದರೂ ತಲೆ ಕೆಡಿಸಿಕೊಂಡಿದ್ದೀರಾ? ಇಲ್ಲ. ನಾನೂ ಕೆಡಿಸಿಕೊಂಡಿರಲಿಲ್ಲ. ಇಳಕಲ್ಲಿನ ಕಾಕಾನ ಮನೆಯಲ್ಲಿ ನನ್ನ ತಮ್ಮನ ಮುಂಗೈ ಮುರಿಯುವ ತನಕ.

ಮೊದಲು ಆ ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಇಳಕಲ್ಲಿನ ನೇಕಾರರ ಹಳೆಯ ಮನೆ. ಅಗಲ ಕಮ್ಮಿ, ಉದ್ದ ಜಾಸ್ತಿ. ಮುಂದೆ ಪಡಸಾಲೆ, ನಡುವೆ ಒಂದು ಓಣಿಯಂಥ ದಾರಿ, ಹಿಂದೆ ನೆಲದಲ್ಲಿ ಕುಣಿ ತೋಡಿ ಹೂಡಿದ ಕೈಮಗ್ಗ, ಅದರಾಚೆ ಹಿತ್ತಲು. ನಡುವಿನ ದಾರಿಯಿಂದಲೇ ಮಾಳಿಗೆಗೆ ಹೋಗುವ ಕಲ್ಲಿನ ಪಾವಟಿಗೆ. ಆ ತಿರುವಿನಲ್ಲಿ ಒಂದೇ ಒಂದು ಬಲ್ಬು. ಅದೊಂದು ಹತ್ತಿದರೆ ಪಾವಟಿಗೆಗೂ ಬೆಳಕು, ಮಗ್ಗದ ಕೋಣೆಯ ಬಾಗಿಲಿಗೂ ಬೆಳಕು. ಮಗ್ಗದ ಪಕ್ಕದಲ್ಲೇ ಎಂಬತ್ತು ದಾಟಿದ ಆಯಿ ಮಲಗುತ್ತಾಳೆ. ರಾತ್ರಿ ಎರಡು ಸಲ ಹಿತ್ತಲಿಗೆ ಏಳುತ್ತಾಳೆ. ಕಾಕಾ ಮಾಳಿಗೆಯಲ್ಲಿ ಮಲಗಿ ನಸುಕಿನಲ್ಲಿ ಇಳಿದು ಬಂದು ಮಗ್ಗಕ್ಕೆ ಕೂಡುತ್ತಾನೆ. ಅಂದರೆ ಆ ಒಂದು ಬಲ್ಬನ್ನು ಮೂರು ಕಡೆಯಿಂದ ಹಚ್ಚಬೇಕು, ಮೂರು ಕಡೆಯಿಂದ ಆರಿಸಬೇಕು. ಪಾವಟಿಗೆಯ ಬುಡದಲ್ಲಿ ಒಂದು, ತಲೆಯಲ್ಲಿ ಒಂದು, ಆಯಿಯ ಕೈಗೆಟುಕುವಂತೆ ಒಂದು.

ಇದೇನು ಚಂದ್ರನ ಮೇಲೆ ಹೋಗುವ ಕೆಲಸವೇ?

ವೈರಿಂಗ್ ಮಾಡಿದವನು ಓಣಿಯದೇ ಹುಡುಗ. ನೇಕಾರನ ಮಗ. ಹತ್ತನೇ ಇಯತ್ತೆ ತನಕ ಕನ್ನಡದಲ್ಲಿ ಓದಿ, ಒಬ್ಬ ವೈರ್‌ಮನ್ ಹಿಂದೆ ಏಣಿ ಹೊತ್ತು ಕೆಲಸ ಕಲಿತವನು. ಕೈ ಚುರುಕು, ನಿಯತ್ತು ಚಲೋ. ಎರಡು ಕಡೆಯಿಂದ ಒಂದು ಬಲ್ಬು ಅನ್ನುವುದು ಅವನಿಗೆ ಗೊತ್ತಿತ್ತು. ಆದರೆ ವೈರು ಉಳಿಸುವ ಒಂದು ಹಳೇ ಅಡ್ಡದಾರಿಯಲ್ಲಿ ಗೊತ್ತಿತ್ತು. ಎರಡೂ ಸ್ವಿಚ್ಚಿನ ಹತ್ತಿರ ಫೇಸನ್ನೂ ನ್ಯೂಟ್ರಲ್ಲನ್ನೂ ತಂದು ನಿಲ್ಲಿಸಿ, ಬಲ್ಬಿನ ಒಂದು ತುದಿಯನ್ನು ಒಂದು ಸ್ವಿಚ್ಚಿಗೆ, ಇನ್ನೊಂದು ತುದಿಯನ್ನು ಮತ್ತೊಂದು ಸ್ವಿಚ್ಚಿಗೆ ಕಟ್ಟುವುದು. ಒಂದು ಫೇಸ್, ಒಂದು ನ್ಯೂಟ್ರಲ್ ಆದಾಗ ದೀಪ ಹತ್ತುತ್ತದೆ. ಎರಡೂ ನ್ಯೂಟ್ರಲ್ ಆದರೆ ಆರುತ್ತದೆ. ಎರಡೂ ಫೇಸ್ ಆದರೂ ಆರುತ್ತದೆ!

ಈಗ ನಿಮಗೆ ಹೊಳೆದಿರಬೇಕು. ದೀಪ ಆರಿದೆ, ಸ್ವಿಚ್ ಬಂದ್ ಆಗಿದೆ ಅಂತ ನೀವು ಸ್ಟೂಲ್ ಹತ್ತುತ್ತೀರಿ. ಹೋಲ್ಡರಿನ ಎರಡೂ ಕಡ್ಡಿಗಳಲ್ಲಿ 230 ವೋಲ್ಟು ಕಾದು ಕೂತಿರುತ್ತದೆ. ನನ್ನ ತಮ್ಮ ಹತ್ತಿದ್ದೂ ಹಾಗೆಯೇ. ಸುಟ್ಟ ಬಲ್ಬು ತೆಗೆಯಲು ಕೈ ಹಾಕಿದ, ಬೆರಳು ಒಳಗೆ ತಾಗಿತು, ಕಲ್ಲಿನ ಮೇಲೆ ಬಿದ್ದ. ಮುಂಗೈಗೆ ಹೋಯಿತು, ಜೀವ ಉಳಿಯಿತು. ಮೂವತ್ತು ಮಿಲಿ ಆಂಪಿಯರಿಗೆ ಕಡಿದುಕೊಳ್ಳುವ ಸೋರಿಕೆ ಬ್ರೇಕರ್ ಮೀಟರಿನ ಹತ್ತಿರ ಇದ್ದಿದ್ದರೆ ಅಷ್ಟೂ ಆಗುತ್ತಿರಲಿಲ್ಲವೇನೋ. ಇರಲಿಲ್ಲ. (ನಿಮ್ಮ ಮನೆಯಲ್ಲಿದೆಯಾ? ಇವತ್ತೇ ನೋಡಿ. ಅದರ ಮೇಲೆ ಪರೀಕ್ಷೆಯ ಒಂದು ಪುಟ್ಟ ಗುಂಡಿ ಇರುತ್ತದೆ, ಒತ್ತಿದರೆ ಟಪ್ಪೆಂದು ಬೀಳಬೇಕು.)

ಮೂರನೆಯ ಕಡೆಯ ಕಥೆ ಇನ್ನೂ ಮಜಾ. ಆಯಿಯ ಬಾಗಿಲ ಹತ್ತಿರ ಹುಡುಗ ಒಂದು ಮಾಮೂಲಿ ಸ್ವಿಚ್ಚನ್ನು ನಡುವೆ ತುರುಕಿದ್ದ. ಆಯಿ ಅದನ್ನು ಆರಿಸಿ ಮಲಗಿದಳೆಂದರೆ ಮುಗಿಯಿತು, ಮೇಲೆ ಕಾಕಾ ಎಷ್ಟು ಸಲ ಟಕಟಕ ಅಂದರೂ ಕತ್ತಲೆಯೇ. ಆಯಿಗೆ ಹೇಳಿದರೆ, "ದೀಪಾ ದೊಡ್ಡದು ಮಾಡಿ ಮಲಗೂದು ನನ್ನ ರೂಢಿ, ನಿಮ್ಮ ಬಟನ್ ನೀವು ನೋಡ್ಕೋರಿ" ಅಂದಳು. ದೀಪ ಆರಿಸುವುದನ್ನು ದೊಡ್ಡದು ಮಾಡುವುದು ಅನ್ನುವ ಭಾಷೆ ನಮ್ಮದು. ಅಷ್ಟು ಮರ್ಯಾದೆಯ ಭಾಷೆಗೆ ಒಂದು ಸ್ವಿಚ್ಚಿನ ಹೆಸರು ದಕ್ಕಿರಲಿಲ್ಲ, ಅದೇ ನನ್ನ ತಕರಾರು.

ಹುಡುಕಲು ಹೊರಟೆ. ಇಳಕಲ್ಲಿನ ಎರಡು ಅಂಗಡಿಗಳಲ್ಲಿ ಒಂದೇ ಉತ್ತರ: "ಟೂ ವೇ ಐತ್ರೀ. ಮೂರು ಕಡೆ ಅಂದ್ರ ಹೆಂಗ್ರೀ? ಅಂಥಾದ್ದು ಬರೂದಿಲ್ರೀ." ಬರುವುದಿಲ್ಲ! ಪ್ರಪಂಚದಲ್ಲೇ ಇಲ್ಲ!

ತಮ್ಮ ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತವನು ಮೊಬೈಲಿನಲ್ಲಿ ವಿಡಿಯೋ ಹುಡುಕಿದ. ಒಬ್ಬ ಅಮೆರಿಕದವನು ಚಂದವಾಗಿ ಬಿಡಿಸಿ ತೋರಿಸಿದನಂತೆ. ಅದರ ಹೆಸರು ಫೋರ್ ವೇ ಸ್ವಿಚ್ ಅಂತ. ಸರಿ, ಹುನಗುಂದಕ್ಕೆ ಹೋಗಿ ಫೋರ್ ವೇ ಕೊಡ್ರೀ ಅಂದೆವು. ಅಂಗಡಿಯವರು ಒಳಗೆ ಹೋಗಿ ತಂದದ್ದು ತಗಡಿನ ಪೆಟ್ಟಿಗೆ. ನಾಲ್ಕು ಬ್ರೇಕರ್ ಕೂಡಿಸುವ ಡಿಬಿ! ಅವರ ತಪ್ಪಿಲ್ಲ. ನಮ್ಮ ಅಂಗಡಿಗಳಲ್ಲಿ ಫೋರ್ ವೇ ಅಂದರೆ ಅದೇ.

ಇಲ್ಲಿ ಒಂದು ಮಾತು ನಿಲ್ಲಿಸಿ ಕೇಳಿಸಿಕೊಳ್ಳಿ. ಎರಡು ಕಡೆಯಿಂದ ದೀಪ ಹಚ್ಚುವ ಸ್ವಿಚ್ಚಿಗೆ ಬ್ರಿಟಿಷರು ಟೂ ವೇ ಅನ್ನುತ್ತಾರೆ, ಅದು ಹಾದಿಗಳ ಎಣಿಕೆ. ಅಮೆರಿಕದವರು ಅದೇ ಸ್ವಿಚ್ಚಿಗೆ ತ್ರೀ ವೇ ಅನ್ನುತ್ತಾರೆ, ಅದು ತಿರುಪುಗಳ ಎಣಿಕೆ. ನಮಗೆ ಬೇಕಾದ ನಡುವಿನ ಸ್ವಿಚ್ಚು ಬ್ರಿಟಿಷರಿಗೆ ಇಂಟರ್ಮೀಡಿಯೆಟ್, ಅಮೆರಿಕದವರಿಗೆ ಫೋರ್ ವೇ. ಕೆಳಗೆ ಒತ್ತಿದರೆ ದೀಪ ಹತ್ತುವುದು ನಮ್ಮ ರೂಢಿ, ಬ್ರಿಟಿಷರ ರೂಢಿ. ಅಮೆರಿಕದಲ್ಲಿ ಮೇಲೆ ಎತ್ತಿದರೆ ಹತ್ತುತ್ತದೆ. ಇಂಗ್ಲಿಷ್ ಕಲಿತರೆ ಎಲ್ಲ ತಾನಾಗಿ ತಿಳಿಯುತ್ತದೆ ಅನ್ನುವ ಮಹನೀಯರು ನಮ್ಮ ನಡುವೆ ತುಂಬ ಇದ್ದಾರಲ್ಲ, ಅವರು ಮೊದಲು ಯಾವ ಇಂಗ್ಲಿಷ್ ಅಂತ ಹೇಳಲಿ. ಬಾಗಲಕೋಟೆ ಜಿಲ್ಲೆಯ ವೈರ್‌ಮನ್ ಯಾವ ಇಂಗ್ಲಿಷ್ ನಂಬಿ ಫೇಸಿಗೆ ಕೈ ಹಚ್ಚಬೇಕು?

ಮುಂದೆ ಅಮೀನಗಡ ದಾಟಿ, ಒಂದಿಷ್ಟು ಕರದಂಟು ಕಟ್ಟಿಸಿಕೊಂಡು, ಬಾಗಲಕೋಟೆಯ ನವನಗರ. ಅಲ್ಲಿ ಸಿಕ್ಕ ಹಿರಿಯ ವ್ಯಾಪಾರಿ ಮುಳುಗಡೆಯವರು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದು ಹಳೆ ಬಾಗಲಕೋಟೆಯ ಓಣಿ ಓಣಿಯನ್ನು ನುಂಗಿದ್ದು, ಜನ ಚೌಕಟ್ಟು, ತೊಲೆ, ಜಂತಿ ಕಿತ್ತು ಹೇರಿಕೊಂಡು ನವನಗರಕ್ಕೆ ಬಂದದ್ದು ನಿಮ್ಮ ಅಪ್ಪ ಅಮ್ಮಂದಿರಿಗೆ ಗೊತ್ತು. ಈ ಯಜಮಾನರು ಬೀಳುವ ಮನೆಗಳಿಂದ ಸ್ವಿಚ್ಚುಗಳನ್ನೂ ಎತ್ತಿಟ್ಟಿದ್ದರು. ಒಂದು ಗೋಣಿಚೀಲ ತುಂಬ. ಸಾಗವಾನಿ ಹಲಗೆಯ ಮೇಲೆ ಕೂತ ಕಂದು ಬಣ್ಣದ ಬೇಕಲೈಟ್ ದುಂಡು ಸ್ವಿಚ್ಚುಗಳು, ಅಕ್ಕಪಕ್ಕ ಕಟ್ಟಿಗೆಯ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪು. ಒತ್ತಿದರೆ ಟಕ್ ಅನ್ನುವ ಆ ಗಟ್ಟಿ ಸದ್ದು! ಆ ಸದ್ದಿಗೂ ಒಂದು ಕಾರಣವಿದೆ. ಸ್ವಿಚ್ಚು ನಿಧಾನಕ್ಕೆ ಬಿಟ್ಟರೆ ತಾಮ್ರದ ನಡುವೆ ಕಿಡಿ ಹಾರಿ ಸುಡುತ್ತದೆ. ಅದಕ್ಕೇ 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಎಂಬಾತ ಪಟ್ಟನೆ ಬಿಟ್ಟುಕೊಳ್ಳುವ ಸ್ವಿಚ್ಚು ಮಾಡಿದ. ಇವತ್ತಿನ ಮಾಡ್ಯುಲರ್ ಸ್ವಿಚ್ಚಿನ ಒಳಗೂ ಅದೇ ಪಟ್ಟನೆಯ ಬುದ್ಧಿ ಕೂತಿದೆ.

ಯಜಮಾನರು ಚೀಲ ಸುರುವಿ, ಹಿಂದೆ ನಾಲ್ಕು ತಿರುಪು ಇದ್ದ ಒಂದನ್ನು ಆರಿಸಿ ಕೊಟ್ಟರು. "ಹಳೇ ಊರಾಗ ಒಂದು ದೊಡ್ಡ ವಾಡೇದ ಪಾವಟಿಗಿಗೆ ಇತ್ತು ನೋಡ್ರಿ ಇದು. ಹೆಸರು ಗೊತ್ತಿಲ್ಲ. ಒಯ್ರಿ, ರೊಕ್ಕ ಬ್ಯಾಡ."

ಒಯ್ದೆ. ಮೇಜಿನ ಮೇಲಿಟ್ಟು ನೋಡಲು. ಗೋಡೆಗೆ ಹಾಕಲಿಲ್ಲ. ನಿಮಗೂ ಅದನ್ನೇ ಹೇಳುತ್ತೇನೆ: ಹಳೆಯ ಬೇಕಲೈಟು ಚಂದ ಅಂತ ಬೆಂಗಳೂರಿನ ಕಾಫಿ ಹೋಟೆಲುಗಳಲ್ಲಿ ಈಗ ಗೋಡೆಗೆ ಏರಿಸುತ್ತಾರೆ. ಸ್ಪ್ರಿಂಗು ಸವೆದಿರುತ್ತದೆ, ಮುಚ್ಚಳ ಬಿರುಕು ಬಿಟ್ಟಿರುತ್ತದೆ. ಮನೆಯ ಸ್ವಿಚ್ಚಿಗೆ ಭಾರತೀಯ ಮಾನಕ 3854 ಅಂತ ಒಂದಿದೆ, ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ. ನೆನಪನ್ನು ಕಪಾಟಿನಲ್ಲಿಡಿ, ಕರೆಂಟನ್ನು ಹೊಸ ಸ್ವಿಚ್ಚಿನಲ್ಲಿ ಹಾಯಿಸಿ.

ಹೆಸರು ಸಿಕ್ಕಿದ್ದು ಬಾದಾಮಿಯಲ್ಲಿ. ಗುಳೇದಗುಡ್ಡದ ಮೇಲಿಂದ ಒಂದು ಮದುವೆಗೆ ಹೋಗಿದ್ದೆ, ಉಳಿದದ್ದು ಒಂದು ಲಾಡ್ಜಿನಲ್ಲಿ. ಮೂರು ಅಂತಸ್ತು, ಮೂರು ಕಡೆಯೂ ಸ್ವಿಚ್ಚು, ಯಾವುದನ್ನು ಒತ್ತಿದರೂ ಮೆಟ್ಟಿಲ ದೀಪ ಮಾತು ಕೇಳುತ್ತದೆ! ಅಲ್ಲಿನ ವೈರ್‌ಮನ್ ಗೆಳೆಯ ಪ್ಲೇಟು ಬಿಚ್ಚಿ ತೋರಿಸಿದ. ಇಂಟರ್ಮೀಡಿಯೆಟ್. ಹುಬ್ಬಳ್ಳಿಯಿಂದ ತರಿಸಿದ್ದಂತೆ. ಅದರ ಕೆಲಸವನ್ನು ಕಾಗದದ ಮೇಲೆ ಗೀಚಿ ಕೊಟ್ಟ. ನಿಮಗೂ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹುಡುಕಿದಷ್ಟು ದಿನ ಇದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದ ಚೀಟಿ ನನ್ನ ಕಣ್ಣಿಗೆ ಬೀಳಲಿಲ್ಲ.

ಮಾಮೂಲಿ ಸ್ವಿಚ್ಚಿಗೆ ಎರಡು ತಿರುಪು. ಒಂದರಲ್ಲಿ ಫೇಸ್ ಬಂತು, ಇನ್ನೊಂದರಿಂದ ಬಲ್ಬಿಗೆ ಹೋಯಿತು. ಟೂ ವೇಗೆ ಮೂರು ತಿರುಪು. ಒಂದು ಸಾಮಾನ್ಯ, ಉಳಿದೆರಡು ಕವಲು. ಒತ್ತಿದಾಗಲೆಲ್ಲ ಸಾಮಾನ್ಯವು ಈ ಕವಲಿನಿಂದ ಆ ಕವಲಿಗೆ ಹೋಗುತ್ತದೆ. ಮೊದಲ ಟೂ ವೇಯ ಸಾಮಾನ್ಯಕ್ಕೆ ಫೇಸ್, ಕೊನೆಯ ಟೂ ವೇಯ ಸಾಮಾನ್ಯದಿಂದ ಬಲ್ಬಿಗೆ ವೈರು, ಎರಡರ ಕವಲುಗಳ ನಡುವೆ ಜೋಡಿ ವೈರು. ನ್ಯೂಟ್ರಲ್ ನೇರ ಬಲ್ಬಿಗೆ, ಯಾವ ಸ್ವಿಚ್ಚಿನ ಮುಖವನ್ನೂ ನೋಡಬಾರದು. ಇಷ್ಟಾದರೆ ಎರಡು ಕಡೆ ಆಯಿತು. ಮೂರನೆಯ ಕಡೆಗೆ, ಆ ಜೋಡಿ ವೈರನ್ನು ನಡುವೆ ಕತ್ತರಿಸಿ ನಾಲ್ಕು ತಿರುಪಿನ ಸ್ವಿಚ್ಚು ಕೂಡಿಸಬೇಕು. ಅದು ಒಂದು ಸಲ ಜೋಡಿಯನ್ನು ನೆಟ್ಟಗೆ ಬಿಡುತ್ತದೆ, ಒತ್ತಿದರೆ ಕತ್ತರಿಯಂತೆ ಅಡ್ಡ ಹಾಯಿಸುತ್ತದೆ. ನಾಲ್ಕನೆಯ ಕಡೆ, ಐದನೆಯ ಕಡೆ ಬೇಕೇ? ಇಂಥದ್ದನ್ನೇ ನಡುವೆ ಪೋಣಿಸುತ್ತ ಹೋಗಿ. ಅಷ್ಟೇ ಕಣ್ರೀ!

ಬಾದಾಮಿಯಲ್ಲೇ, ಅಗಸ್ತ್ಯತೀರ್ಥದಿಂದ ದೂರವಲ್ಲದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಆಸುಪಾಸಿನದು, ಕನ್ನಡದ ತ್ರಿಪದಿ ಅದರಲ್ಲಿದೆ. ನೋಡಿಕೊಂಡು ಬಂದೆ. ಒಬ್ಬ ಮನುಷ್ಯ ಎಂಥವನು ಅಂತ ಊರಿಗೆ ತಿಳಿಸಲು ಹದಿಮೂರು ಶತಮಾನದ ಹಿಂದೆ ಉಳಿ ಹಿಡಿದು ಕಲ್ಲಿನಲ್ಲಿ ಕನ್ನಡ ಕೆತ್ತಿದರು. ಇವತ್ತು ಕಂಪನಿಯವರಿಗೆ ಅಂಗೈಯಗಲದ ಕಾಗದದ ಮೇಲೆ ಕನ್ನಡ ಅಚ್ಚು ಹಾಕಿಸಲು ಆಗುವುದಿಲ್ಲ.

ಯಾಕೆ ಹೇಳಿದೆನೆಂದರೆ, ಹುನಗುಂದದ ಅದೇ ಅಂಗಡಿಯವರು, ಡಿಬಿ ತೋರಿಸಿದವರು, ಹೆಸರು ಸಿಕ್ಕ ಮೇಲೆ ಹುಬ್ಬಳ್ಳಿಗೆ ಫೋನ್ ಮಾಡಿ ಬಸ್ಸಿನ ಪಾರ್ಸಲ್ಲಿನಲ್ಲಿ ತರಿಸಿಕೊಟ್ಟರು. ನಾಲ್ಕು ದಿನ ಹಿಡಿಯಿತು. ಪೊಟ್ಟಣ ಬಿಚ್ಚಿದರೆ ಒಳಗೆ ಮಡಿಸಿದ ಚೀಟಿ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಹಿಂದಿ. ಮಾರುವುದು ಹುನಗುಂದದಲ್ಲಿ, ಕೊಳ್ಳುವವನು ಇಳಕಲ್ಲಿನವನು, ಕೂಡಿಸುವವನು ಕನ್ನಡ ಶಾಲೆಯಲ್ಲಿ ಓದಿದವನು. ಚೀಟಿ ಯಾರಿಗೆ?

ಸುಮ್ಮನೆ ಅಭಿಮಾನದ ಮಾತಲ್ಲ ಇದು. ಕೆಲಸಕ್ಕೆ ಬೇಕಾದ ಮಾತು. ಬಾದಾಮಿಯ ಸ್ವಿಚ್ಚಿನಲ್ಲಿ ಮೇಲಿನ ಎರಡು ತಿರುಪು ಒಂದು ಜೋಡಿ, ಕೆಳಗಿನ ಎರಡು ಒಂದು ಜೋಡಿ. ನಮಗೆ ಬಂದದ್ದರಲ್ಲಿ ಎಡದ ಎರಡು ಒಂದು ಜೋಡಿ, ಬಲದ ಎರಡು ಒಂದು ಜೋಡಿ. ಒಬ್ಬೊಬ್ಬ ತಯಾರಕನದು ಒಂದೊಂದು ತರ. ಅದನ್ನು ಹೇಳುವುದೇ ಆ ಚೀಟಿ. ತಪ್ಪಿ ಕೂಡಿಸಿದರೆ ಸುಡುವುದಿಲ್ಲ, ನಿಜ. ಆದರೆ ದೀಪ ತನ್ನ ಮನಸ್ಸಿಗೆ ಬಂದಾಗ ಹತ್ತುತ್ತದೆ. ಆಗ ಹುಡುಗ ಏನು ಮಾಡುತ್ತಾನೆ? ಗೊತ್ತಿರುವ ಹಳೇ ಅಡ್ಡದಾರಿಗೆ ಹೋಗುತ್ತಾನೆ. ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಸ್ಟೂಲಿನಿಂದ ಬೀಳುತ್ತಾನೆ.

ಕಾನೂನು ಏನು ಹೇಳುತ್ತದೆ? ಪೊಟ್ಟಣದ ಮೇಲಿನ ಬೆಲೆ, ತಯಾರಕರ ವಿಳಾಸ ಇತ್ಯಾದಿ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ಇರಬೇಕು ಅನ್ನುತ್ತದೆ ಕೇಂದ್ರದ 2011ರ ಪೊಟ್ಟಣ ಸರಕಿನ ನಿಯಮ. ಬೇರೆ ಭಾಷೆಯನ್ನು ಜೊತೆಗೆ ಹಾಕಿದರೆ ಅಡ್ಡಿ ಇಲ್ಲವಂತೆ. ಅಡ್ಡಿ ಇಲ್ಲ! ಎಂಥ ಔದಾರ್ಯ ನೋಡಿ. ನಮ್ಮ ಮನೆಯಲ್ಲಿ ನಾವು ಕೂಡಲು ಅಡ್ಡಿ ಇಲ್ಲ ಅಂದಂತೆ. ಒಳಗಿನ ಚೀಟಿಯೂ ಅದೇ ಜಾಡು ಹಿಡಿಯುತ್ತದೆ. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಇದೆ. ಕರ್ನಾಟಕದಲ್ಲಿ ತಯಾರಾಗಿ ಇಲ್ಲಿ ಮಾರುವ ವಸ್ತುಗಳ ಮೇಲೆ ಹೆಸರು, ಬಳಸುವ ರೀತಿ ಆದಷ್ಟು ಮಟ್ಟಿಗೆ ಕನ್ನಡದಲ್ಲೂ ಇರಲಿ ಅನ್ನುತ್ತದೆ. ಒಳ್ಳೆಯದೇ. ಆದರೆ ಹೊರ ರಾಜ್ಯದ ಕಾರ್ಖಾನೆಯಿಂದ ಬರುವ ಸ್ವಿಚ್ಚಿಗೆ? "ಆದಷ್ಟು ಮಟ್ಟಿಗೆ" ಅಂದರೆ ಎಷ್ಟು ಮಟ್ಟಿಗೆ? 2024ರಲ್ಲಿ ತಿದ್ದುಪಡಿ ಮಾಡಿ ಅಂಗಡಿಯ ಬೋರ್ಡಿನಲ್ಲಿ 60 ಪಾಲು ಕನ್ನಡ ಕಡ್ಡಾಯ ಮಾಡಿದರು. ಅದಕ್ಕಾಗಿ ಬೀದಿಗಿಳಿದವರು ನೀವೇ, ಶಹಬ್ಬಾಸ್. ಆ ಬೋರ್ಡಿನ ಕೆಳಗೆ, ಗಲ್ಲೆಯ ಹಿಂದೆ, ರಟ್ಟಿನ ಪೊಟ್ಟಣದ ಒಳಗೆ ಕನ್ನಡ ಎಷ್ಟು ಪಾಲು?

ಫ್ರಾನ್ಸಿನಲ್ಲಿ 1994ರ ಟೂಬೋಂ ಕಾನೂನು ಬಂದಂದಿನಿಂದ ಸರಕಿನ ವಿವರಣೆ, ಬಳಕೆಯ ಸೂಚನೆ ಫ್ರೆಂಚಿನಲ್ಲಿ ಇರಲೇಬೇಕು. ಕೆನಡಾದ ಒಂದು ಪ್ರಾಂತ್ಯವಾದ ಕ್ವಿಬೆಕ್ 1977ರಲ್ಲೇ ಅಂಥ ಕಟ್ಟಳೆ ಮಾಡಿಕೊಂಡಿತು. ಪ್ರಾಂತ್ಯ, ದೇಶವಲ್ಲ! 

ಇನ್ನು ನಮ್ಮವರ ತಪ್ಪೂ ಇದೆ, ಅದನ್ನು ಹೇಳದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಕನ್ನಡದಲ್ಲಿ ಬರೆಯಿರಿ ಎಂದು ಯಾವನಾದರೂ ಪಂಡಿತನ ಕೈಗೆ ಕೊಟ್ಟು ನೋಡಿ. 'ದ್ವಿಪಥ ವಿದ್ಯುನ್ಮಂಡಲ ಪರಿವರ್ತಕ ಕೀಲಕ' ಅಂತ ತರುತ್ತಾನೆ. ಅದನ್ನು ಓದುವುದಕ್ಕಿಂತ ಶಾಕ್ ಹೊಡೆಸಿಕೊಳ್ಳುವುದು ಹಗುರ. ಸ್ವಿಚ್ಚು, ಫೇಸು, ಹೋಲ್ಡರು ಇವೆಲ್ಲ ಕನ್ನಡವೇ ಆಗಿ ಮನೆಯೊಳಗೆ ಬಂದು ಎಷ್ಟೋ ಕಾಲವಾಯಿತು. ಇಳಕಲ್ಲಿನ ಮಗ್ಗದ ಮುಂದೆ ಕೂತವರಿಗೆ ತಿಳಿಯುವ ಮಾತು ಬೇಕು.

ಮಾತು ಸಿಕ್ಕಿದ್ದೂ ಅಲ್ಲೇ. ಪರವಾನಗಿ ಇರುವ ಒಬ್ಬ ಹಿರಿಯ ಗುತ್ತಿಗೆದಾರರನ್ನು ಕರೆಸಿ, ಓಣಿಯ ಹುಡುಗನನ್ನೂ ಪಕ್ಕಕ್ಕೆ ನಿಲ್ಲಿಸಿಕೊಂಡು ಹೊಸದಾಗಿ ವೈರು ಎಳೆಸಿದೆವು. ಮೇನ್ ಇಳಿಸಿ, ಮೀಟರಿನಲ್ಲಿ ಬೀಪ್ ಅನ್ನಿಸಿ ತಿರುಪುಗಳ ಜೋಡಿ ಹುಡುಕುವುದನ್ನು ಅವರು ಕಲಿಸಿದರು. ಸ್ವಿಚ್ಚನ್ನು ಎರಡೂ ಕಡೆ ಒತ್ತಿ ನೋಡಬೇಕು. ಯಾವ ಎರಡು ತಿರುಪು ಎಂದೂ ಒಂದಕ್ಕೊಂದು ಕೂಡುವುದಿಲ್ಲವೋ ಅವೆರಡು ಒಂದು ಜೋಡಿ. ಚೀಟಿ ಓದಲು ಬರದಿದ್ದರೂ ಇದು ಸುಳ್ಳಾಗುವುದಿಲ್ಲ. ಹುಡುಗ ಎರಡು ಸಲ ಮಾಡಿ ನೋಡಿ ನಕ್ಕ. ಅವನ ಮುಖದ ಮೇಲಿನ ಆ ನಗೆ ನೋಡಿ ನನಗೆ ಸಿಟ್ಟೇ ಬಂತು. ಇಷ್ಟನ್ನು ಅವನಿಗೆ ಅವನ ಭಾಷೆಯಲ್ಲಿ ಮೊದಲೇ ಯಾರಾದರೂ ಹೇಳಿದ್ದರೆ!

ಕಾಕಾ ಮಗ್ಗದಿಂದ ಎದ್ದು ಬಂದು ಗೀಚಿದ ಚಿತ್ರವನ್ನೇ ನೋಡುತ್ತಿದ್ದ. "ಇದು ನಮ್ಮ ಕೆಲಸಾನ ಅಲ್ಲೇನೋ? ಕಾಲಿಂದ ತುಳಿದ್ರ ಮ್ಯಾಲಿನ ಎಳಿ ಕೆಳಗ, ಕೆಳಗಿನ ಎಳಿ ಮ್ಯಾಲ. ಅದಲ ಬದಲ." ಐವತ್ತು ವರ್ಷ ಹಾಸು ಹೊಕ್ಕು ನೋಡಿದ ಕಣ್ಣು. ನಮಗೆ ತಿಂಗಳು ಹಿಡಿದದ್ದು ಅವನಿಗೆ ಅರೆಗಳಿಗೆ ಹಿಡಿಯಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಅದಲಬದಲ ಸ್ವಿಚ್ಚು. ಇಂಟರ್ಮೀಡಿಯೆಟ್ ಅನ್ನುವುದಕ್ಕಿಂತ ಚೊಕ್ಕ, ಫೋರ್ ವೇ ಅನ್ನುವುದಕ್ಕಿಂತ ನಿಖರ. ಅದು ಮಾಡುವುದೂ ಅದನ್ನೇ.

2023ರಿಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ತನಕ ಬಿಲ್ಲಿಲ್ಲ. ಕರೆಂಟು ಪುಕ್ಕಟೆ ಕೊಟ್ಟ ಸರ್ಕಾರ ಅದನ್ನು ಕನ್ನಡದಲ್ಲಿ ಸುರಕ್ಷಿತವಾಗಿ ಬಳಸುವ ಒಂದು ಚೀಟಿಯನ್ನೂ ಕೊಡಿಸಲಿ ಅಂತ ಕೇಳುವುದು ದುಬಾರಿಯ ಬೇಡಿಕೆಯಲ್ಲ. ಆದರೆ ಸರ್ಕಾರಕ್ಕಾಗಿ ಕಾಯುತ್ತ ಕೂಡಬೇಡಿ. ನಿಮ್ಮಲ್ಲಿ ಎಷ್ಟೋ ಜನ ಇಂಜಿನಿಯರಿಂಗ್ ಓದಿದವರು, ಐಟಿಐ ಮಾಡಿದವರು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವರು. ಒಂದು ಹಾಳೆಯಲ್ಲಿ ಮಾಮೂಲಿ, ಟೂ ವೇ, ಅದಲಬದಲ ಮೂರನ್ನೂ ಬಿಡಿಸಿ, ತಿಳಿದವರಿಗೆ ತೋರಿಸಿ ತಿದ್ದಿಸಿ, ನಿಮ್ಮ ಊರಿನ ವಿದ್ಯುತ್ ಅಂಗಡಿಗೆ ಅಂಟಿಸಿ ಬನ್ನಿ. ಕಂಪನಿಯ ಗ್ರಾಹಕ ವಿಳಾಸಕ್ಕೆ ಕನ್ನಡದಲ್ಲೇ ಬರೆದು ಕನ್ನಡದ ಚೀಟಿ ಕೇಳಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ.

ನಮ್ಮದೊಂದು ಹಾಳೆ ಹುನಗುಂದದ ಆ ಅಂಗಡಿಯ ಗಾಜಿಗೆ ಅಂಟಿದೆ. ಕಾಕಾನ ಕೈಬರಹ. ಅಂಗಡಿಯವರು ಹುಬ್ಬಳ್ಳಿಯಿಂದ ಇನ್ನೆರಡು ಅದಲಬದಲ ತರಿಸಿ ಇಟ್ಟಿದ್ದರು. ಮೊನ್ನೆ ಫೋನ್ ಮಾಡಿದಾಗ ಹೇಳಿದರು, ಒಂದು ಹೋಯಿತಂತೆ. ಕೇಳಿಕೊಂಡು ಬಂದವನು ಹೆಸರು ಹಿಡಿದೇ ಕೇಳಿದನಂತೆ.